ಹೊಸ ಕಂಪ್ಯೂಟರಿಗೆ ವಿಂಡೋಸ್ 7: ಪ್ರೆಸ್ಸಿನವರಿಗೆ, ಡಿಟಿಪಿಯವರಿಗೆ ಒಂದು ರಿವ್ಯೂ

ನೇರವಾಗಿ ವಿಷಯಕ್ಕೆ ಬರುತ್ತೇನೆ. ಈಗಿನ ಕಂಪ್ಯೂಟರಿನಲ್ಲಿ ವಿಂಡೋಸ್ 7 ಓಡುತ್ತಾ ಅಂತ ಕೇಳಿದರೆ, ಓಡುತ್ತದೆ. ಹಾಕಿಸಬೇಕಾ ಅಂತ ಕೇಳಿದರೆ, ಬೇಡ. ಯಾಕೆ ಬೇಡ, ಅದರ ಬದಲು ಏನು ಮಾಡಬೇಕು ಅನ್ನೋದನ್ನ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಗದಗ, ಹುಬ್ಬಳ್ಳಿ ಕಡೆಯ ಪ್ರಿಂಟಿಂಗ್ ಪ್ರೆಸ್‌ಗಳ, ಡಿಟಿಪಿ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳೋದು ನನ್ನ ಕೆಲಸ. ಹಳೆ ಮೆಷಿನ್ ಕೈಕೊಟ್ಟಾಗ ಎಲ್ಲರೂ ಹೇಳೋದು ಒಂದೇ ಮಾತು: "ಮಷಿನ್ ಹೊಸಾದು ತರ್ತೀವ್ರಿ, ಆದ್ರ ಒಳಗ ಮೊದಲಿನ ವಿಂಡೋಸೇ ಇರ್ಲಿ." ಇದನ್ನ ಹಠ ಅಂತ ತಳ್ಳಿಹಾಕೋಕೆ ಆಗಲ್ಲ. ಅವರ ಕಷ್ಟ ನಿಜವಾದದ್ದು.

ವಿಂಡೋಸ್ 7 ಬಂದದ್ದು 2009ರ ಅಕ್ಟೋಬರ್ 22ಕ್ಕೆ. ಮೈಕ್ರೋಸಾಫ್ಟ್ ಅದರ ಕೈ ಬಿಟ್ಟದ್ದು 2020ರ ಜನವರಿ 14ಕ್ಕೆ. ದುಡ್ಡು ಕೊಟ್ಟು ಅಪ್‌ಡೇಟ್ ತಗೊಳ್ಳುತ್ತಿದ್ದ ಕಂಪನಿಗಳಿಗೂ 2023ರ ಜನವರಿಗೆ ಮುಗಿದುಹೋಯಿತು. ಇಷ್ಟಾದರೂ ಅದೇ ಯಾಕೆ ಬೇಕು ಅಂದರೆ, ಪೇಜ್‌ಮೇಕರ್, ಪುಟ ಕಂಪೋಸ್ ಮಾಡುವ ಅಡೋಬಿ ಕಂಪನಿಯ ಹಳೆ ಸಾಫ್ಟ್‌ವೇರ್. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಆಮೇಲೆ ಅಡೋಬಿ ಕಂಪನಿ ಅದೇ ಕೆಲಸದ ಇನ್‌ಡಿಸೈನ್ ಅನ್ನುವ ಸಾಫ್ಟ್‌ವೇರ್ ಕಡೆ ಹೊರಟಿತು. ನಮ್ಮ ಪ್ರೆಸ್‌ಗಳು ಹೊರಡಲಿಲ್ಲ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಸೊಸೈಟಿಯ ವಾರ್ಷಿಕ ವರದಿ, ಮಠದ ಪುಸ್ತಕ, ಬಿಲ್ ಬುಕ್, ಎಲ್ಲವನ್ನೂ ಅದರಲ್ಲೇ ಕಂಪೋಸ್ ಮಾಡಿಟ್ಟಿದ್ದಾರೆ. ಹೋದ ವರ್ಷದ ಫೈಲ್ ತೆಗೆದು ತಾರೀಖು, ಹೆಸರು ಬದಲಾಯಿಸಿ ಕೊಡೋದೇ ಅರ್ಧ ವ್ಯಾಪಾರ. ಆ ಫೈಲ್ ತೆರೆಯಲಿಲ್ಲ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಪೇಜ್‌ಮೇಕರಿಗೆ ಯುನಿಕೋಡ್ (ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ನಡೆಯುವ ಅಕ್ಷರ ಸಂಕೇತ ಪದ್ಧತಿ) ಗೊತ್ತಿಲ್ಲ. ಅದಕ್ಕೇ ನುಡಿ, ಬರಹ, ಶ್ರೀಲಿಪಿಯ ಹಳೆ ಫಾಂಟ್‌ಗಳು ಬೇಕು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಮಾಡಿದ ಫಾಂಟ್‌ಗಳು ಅವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಫೈಲ್ ತೆಗೆದರೆ ಕನ್ನಡದ ಬದಲು ತಲೆಬುಡ ಇಲ್ಲದ ಇಂಗ್ಲಿಷ್ ಗುರುತುಗಳು ಕಾಣುತ್ತವೆ.

ಪೇಜ್‌ಮೇಕರ್ 7 ಒಂದೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ, ವಿಂಡೋಸ್ 10ರಲ್ಲೂ ಎಷ್ಟೋ ಕಡೆ ಅದು ನಡೆಯುತ್ತಿದೆ. ತೊಡಕು ಇರೋದು ಅದರ ಸುತ್ತಲಿನ ಸಾಮಾನಿನಲ್ಲಿ. ಹಳೆ ಫ್ಲಾಟ್‌ಬೆಡ್ ಸ್ಕ್ಯಾನರ್, ಫಿಲ್ಮ್ ತೆಗೆಯುವ ಮೆಷಿನ್, ಫಾಂಟ್ ಸಾಫ್ಟ್‌ವೇರ್ ಜೊತೆ ಬಂದ ಲಾಕ್ (ಸಿಕ್ಕಿಸಿದರೆ ಮಾತ್ರ ಸಾಫ್ಟ್‌ವೇರ್ ನಡೆಯುವ ಸಣ್ಣ ಸಾಧನ), ಇವುಗಳಲ್ಲಿ ಎಷ್ಟಕ್ಕೋ 32 ಬಿಟ್ ಡ್ರೈವರ್ ಬಿಟ್ಟರೆ ಬೇರೆ ಇಲ್ಲ. ಡ್ರೈವರ್ ಅಂದರೆ ಸಾಧನವನ್ನು ವಿಂಡೋಸಿಗೆ ಪರಿಚಯ ಮಾಡಿಸುವ ಸಾಫ್ಟ್‌ವೇರ್, ವಿಂಡೋಸ್ 7 ಬರೋದು ಹಳೆ ಬಗೆಯ 32 ಬಿಟ್, ಹೊಸ ಬಗೆಯ 64 ಬಿಟ್ ಅಂತ ಎರಡು ಥರ. 64 ಬಿಟ್ ವಿಂಡೋಸ್ 32 ಬಿಟ್ ಪ್ರೋಗ್ರಾಂ ಓಡಿಸುತ್ತದೆ, ಆದರೆ 32 ಬಿಟ್ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳೋದಿಲ್ಲ. ವಿಂಡೋಸ್ 11ರಲ್ಲಂತೂ 32 ಬಿಟ್ ಆವೃತ್ತಿಯೇ ಇಲ್ಲ. ಹಾಗಾಗಿ ಎಲ್ಲರೂ ಕೊನೆಗೆ ಬಂದು ನಿಲ್ಲೋದು ವಿಂಡೋಸ್ 7, ಅದರಲ್ಲೂ 32 ಬಿಟ್‌ಗೆ.

ಹೊಸ ಮೆಷಿನ್ ಹಾಳಾಗೋದು ಇಲ್ಲಿಂದಲೇ.

32 ಬಿಟ್ ವಿಂಡೋಸ್ 7 ನೋಡೋದು 4 ಜಿಬಿ ರ್‍ಯಾಮ್ ಮಾತ್ರ. ಅದರಲ್ಲೂ ಗ್ರಾಫಿಕ್ಸಿಗೆ, ಉಳಿದ ಸಾಧನಗಳಿಗೆ ಅಂತ ಒಂದಷ್ಟು ವಿಳಾಸ ಹೋಗಿ, ನಿಮಗೆ ಸಿಗೋದು ಮೂರು ಚಿಲ್ಲರೆ ಜಿಬಿ. 16 ಜಿಬಿ ಹಾಕಿಸಿದ ಮೆಷಿನ್‌ನಲ್ಲಿ ಕಂಪ್ಯೂಟರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ, 16 ಜಿಬಿ ಅಂತ ಬರೆದಿರುತ್ತದೆ, ಪಕ್ಕದಲ್ಲೇ ಬಳಸಲು ಸಿಗುವುದು ಇಷ್ಟೇ ಅಂತ ಸಣ್ಣ ಅಂಕಿಯೂ ಇರುತ್ತದೆ. ಉಳಿದ ರ್‍ಯಾಮ್ ಸುಮ್ನೆ ಕೂತಿರುತ್ತದೆ.

ಎರಡನೇ ಪೆಟ್ಟು ಡಿಸ್ಕಿಗೆ. ಈಗಿನ ಬೋರ್ಡ್‌ಗಳೆಲ್ಲ ಯುಇಎಫ್‌ಐ ಅನ್ನುವ ಹೊಸ ಬಗೆಯ ಬೂಟ್ ವ್ಯವಸ್ಥೆಯ ಮೇಲೆ ಶುರುವಾಗುತ್ತವೆ, 32 ಬಿಟ್ ವಿಂಡೋಸ್ 7ಕ್ಕೆ ಯುಇಎಫ್‌ಐ ಬೂಟ್ ಬರೋದಿಲ್ಲ. ಬಯೋಸ್‌ಗೆ, ಅಂದರೆ ಬೋರ್ಡಿನ ಸೆಟ್ಟಿಂಗ್ ಪರದೆಗೆ ಹೋಗಿ ಸಿಎಸ್ಎಂ ಅನ್ನುವ ಹಳೆ ಕಾಲದ ಬೂಟ್ ಆನ್ ಮಾಡಬೇಕು, ಒಪ್ಪಿಗೆ ಇಲ್ಲದ ಸಿಸ್ಟಂ ಶುರುವಾಗದ ಹಾಗೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಬೇಕು. ಸರಿ, ಮಾಡಿದಿರಿ ಅಂದುಕೊಳ್ಳಿ. ಈಗ ನಿಮ್ಮ ಎನ್‌ವಿಎಂಇ ಎಸ್ಎಸ್‌ಡಿ ಇದೆಯಲ್ಲ, ಬೋರ್ಡಿನ ಮೇಲೆ ಅಂಗಾತ ಮಲಗಿಸಿ ಸ್ಕ್ರೂ ಹಾಕುವ ಆ ಸಣ್ಣ ಪಟ್ಟಿ, ಅದರಿಂದ ಬೂಟ್ ಆಗೋಕೆ ಯುಇಎಫ್‌ಐಯೇ ಬೇಕು. ಅಂದರೆ ಮೆಷಿನ್‌ನಲ್ಲಿ ಎಲ್ಲಕ್ಕಿಂತ ಜೋರಾಗಿ ಓಡುವ ಡಿಸ್ಕ್‌ನಲ್ಲಿ ವಿಂಡೋಸ್ ಕೂರೋದೇ ಇಲ್ಲ. ಕೇಬಲ್ ಹಾಕಿ ಜೋಡಿಸುವ ಹಳೆ ಬಗೆಯ ಸಾಟಾ ಎಸ್ಎಸ್‌ಡಿ ಬೇರೆ ತಂದು ಹಾಕಬೇಕು. ಒಂದಕ್ಕೊಂದು ಹೇಗೆ ಕೊಂಡಿಯಾಗಿದೆ ನೋಡಿ: ಸ್ಕ್ಯಾನರಿಗಾಗಿ 32 ಬಿಟ್, 32 ಬಿಟ್‌ಗಾಗಿ ಹಳೆ ಬೂಟ್, ಹಳೆ ಬೂಟ್‌ಗಾಗಿ ಹಳೆ ಡಿಸ್ಕ್.

ಲಾಕ್, ಸ್ಕ್ಯಾನರಿನ ಗೋಜು ಇಲ್ಲದವರು 64 ಬಿಟ್ ಹಾಕಬಹುದು, ಆಗ ರ್‍ಯಾಮಿನ ತಕರಾರು ಕಡಿಮೆ. ವಿಂಡೋಸ್ 7ರ ಹೋಂ ಬೇಸಿಕ್ ಆವೃತ್ತಿಗೆ 8 ಜಿಬಿ, ಹೋಂ ಪ್ರೀಮಿಯಂಗೆ 16, ಪ್ರೊಫೆಷನಲ್‌ಗೆ 192 ಜಿಬಿ ಮಿತಿ. ಇದು ಯುಇಎಫ್‌ಐನಲ್ಲೂ ಬೂಟ್ ಆಗುತ್ತದೆ ಅಂತ ಹೇಳುತ್ತಾರೆ, ನಿಜವೇ, ಆದರೆ ಪರದೆಗಾಗಿ ಹಳೆ ವಿಜಿಎ ಬಯೋಸ್ ಕೇಳುತ್ತದೆ. ಸಿಎಸ್ಎಂ ಪೂರ್ತಿ ಆಫ್ ಇದ್ದರೆ ನಾಲ್ಕು ಬಣ್ಣದ ಬೆಳಕು ಬಂದು ಕೂಡುವ ಆ 'ಸ್ಟಾರ್ಟಿಂಗ್ ವಿಂಡೋಸ್' ಪರದೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಮುಂದೆ ಹೋಗೋದಿಲ್ಲ. ಎನ್‌ವಿಎಂಇ ಗುರುತು ಹಿಡಿಯೋಕೆ ಮೈಕ್ರೋಸಾಫ್ಟೇ ಕೊಟ್ಟ ಕೆಬಿ 2990941 ಅನ್ನುವ ಹಾಟ್‌ಫಿಕ್ಸ್ (ತಿದ್ದುಪಡಿ ಫೈಲ್) ಇದೆ, ಅದನ್ನ ಇನ್‌ಸ್ಟಾಲ್ ಡಿಸ್ಕಿನೊಳಗೆ ಮೊದಲೇ ಸೇರಿಸಿಕೊಳ್ಳಬೇಕು.

ಇನ್‌ಸ್ಟಾಲೇಶನ್ ಬಗ್ಗೆ ಹೇಳಲೇಬೇಕು. ಪೆನ್‌ಡ್ರೈವ್ ಹಾಕಿ ಶುರು ಮಾಡಿದಾಗ ಎಲ್ಲ ಸರಿ ಇರುತ್ತದೆ, ನೀಲಿ ಹಿನ್ನೆಲೆಯ ಸೆಟಪ್ ಪರದೆ ಬರುತ್ತದೆ, ಭಾಷೆ ಆರಿಸಿ ಅನ್ನುತ್ತದೆ. ಅಷ್ಟರಲ್ಲಿ ಮೌಸಿನ ಕೆಳಗಿನ ಕೆಂಪು ದೀಪ ಆರಿಹೋಗುತ್ತದೆ. ಕೀಬೋರ್ಡಿನ ನಮ್‌ಲಾಕ್ ಒತ್ತಿದರೂ ಲೈಟ್ ಬರೋದಿಲ್ಲ. ಕಾರಣ ಸರಳ: ವಿಂಡೋಸ್ 7ರಲ್ಲಿ ಯುಎಸ್‌ಬಿ 3 ಡ್ರೈವರ್ ಇಲ್ಲ. 2015ರಲ್ಲಿ ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರ್ ಬರುವ ತನಕ ಬೋರ್ಡಿನಲ್ಲಿ ಹಳೆ ಯುಎಸ್‌ಬಿ 2 ಕಂಟ್ರೋಲರ್ ಕೂಡ ಇರುತ್ತಿತ್ತು, ಅದರ ಮೇಲೆ ಕೆಲಸ ಸಾಗುತ್ತಿತ್ತು. ಸ್ಕೈಲೇಕ್ ಬೋರ್ಡಿನಿಂದ ಅದನ್ನ ತೆಗೆದುಬಿಟ್ಟರು. ಆಮೇಲೆ ಕಪ್ಪು ಪೋರ್ಟ್ ಇರಲಿ ನೀಲಿ ಪೋರ್ಟ್ ಇರಲಿ, ವಿಂಡೋಸ್ 7 ಸೆಟಪ್‌ಗೆ ಎರಡೂ ಕಾಣೋದಿಲ್ಲ. ಪೆನ್‌ಡ್ರೈವ್ ಕೂಡ ಕಾಣದ ಕಾರಣ "ಸಿಡಿ/ಡಿವಿಡಿ ಡ್ರೈವರ್ ಇಲ್ಲ" ಅಂತ ಸಂದೇಶ ಬರುತ್ತದೆ, ಜನ ಸುಮ್ನೆ ಡಿವಿಡಿ ಡ್ರೈವ್ ಬಿಚ್ಚಿ ನೋಡುತ್ತಾ ಕೂರುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ದಾರಿ ಎರಡಿದೆ. ಬೋರ್ಡಿನ ಹಿಂದೆ ಅರ್ಧ ನೇರಳೆ ಅರ್ಧ ಹಸಿರು ಬಣ್ಣದ ಗುಂಡನೆಯ ಪಿಎಸ್/2 ಪೋರ್ಟ್ ಇದ್ದರೆ ಹಳೆ ಕೀಬೋರ್ಡ್ ಸಿಕ್ಕಿಸಿ, ಸಾಟಾ ಡಿವಿಡಿ ಡ್ರೈವಿನಿಂದ ಹಾಕಿ. ಇಲ್ಲಾಂದ್ರೆ ಯುಎಸ್‌ಬಿ 3 ಡ್ರೈವರನ್ನು ಪೆನ್‌ಡ್ರೈವಿನ ಒಳಗಿರುವ ಇನ್‌ಸ್ಟಾಲ್ ಫೈಲ್‌ಗಳಿಗೆ ಸೇರಿಸಿ. ಅದಕ್ಕೆ ಗಿಗಾಬೈಟ್, ಎಎಸ್‌ರಾಕ್ ಮುಂತಾದವರು ಪುಕ್ಕಟೆ ಟೂಲ್ ಕೊಟ್ಟಿದ್ದರು. ಕೈಯಿಂದ ಮಾಡುವವರು ಒಂದು ವಿಷಯ ನೆನಪಿಡಿ: ಬೂಟ್ ಡಾಟ್ ವಿಮ್ ಫೈಲಿನಲ್ಲಿ ಎರಡು ಭಾಗ ಇದೆ, ಎರಡಕ್ಕೂ ಸೇರಿಸಬೇಕು, ಜೊತೆಗೆ ಇನ್‌ಸ್ಟಾಲ್ ಡಾಟ್ ವಿಮ್‌ಗೂ ಸೇರಿಸಬೇಕು. ಇನ್‌ಸ್ಟಾಲ್ ಡಾಟ್ ವಿಮ್‌ಗೆ ಸೇರಿಸೋದು ಬಿಟ್ಟರೆ ಇನ್‌ಸ್ಟಾಲ್ ಮುಗಿದು ಡೆಸ್ಕ್‌ಟಾಪ್ ಬಂದ ಮೇಲೆ ಮೌಸ್ ಸತ್ತಿರುತ್ತದೆ.

ಇನ್ನು ಪರದೆ. ಇಂಟೆಲ್‌ನ ಒಳಗಿನ ಗ್ರಾಫಿಕ್ಸಿಗೆ ವಿಂಡೋಸ್ 7 ಡ್ರೈವರ್ ಅಂತ ಇಂಟೆಲ್ ಕೊಟ್ಟದ್ದು ಸ್ಕೈಲೇಕ್ ತನಕ, ಅಂದರೆ 6ನೇ ತಲೆಮಾರಿನ ತನಕ. ಅದಾದ ಮೇಲಿನ ಪ್ರೊಸೆಸರುಗಳಲ್ಲಿ ಪರದೆ ಹಿಗ್ಗಿಸಿದ ಹಾಗೆ ಕಾಣುತ್ತದೆ, ಕನ್ನಡದ ಒತ್ತಕ್ಷರ ಮಸುಕಾಗುತ್ತದೆ, ಪ್ರೂಫ್ ನೋಡುವವರ ಕಣ್ಣಿಗೆ ಅದು ಶಿಕ್ಷೆ. ನಾನು ಹಾಕೋದು ಎನ್‌ವಿಡಿಯಾ ಜಿಟಿ 710 ಕಾರ್ಡ್. ಫ್ಯಾನ್ ಇಲ್ಲದ್ದೂ ಸಿಗುತ್ತದೆ, ಪ್ರೆಸ್ಸಿನ ಕಾಗದದ ದೂಳಿಗೆ ಅದೇ ಒಳ್ಳೆಯದು. ವಿಂಡೋಸ್ 7 ಡ್ರೈವರ್ ಸರಿಯಾಗಿ ಕೂರುತ್ತದೆ. ಅದೇ ಕಂಪನಿಯ ಆರ್‌ಟಿಎಕ್ಸ್ 40 ಸರಣಿಗೆ ವಿಂಡೋಸ್ 7 ಡ್ರೈವರೇ ಇಲ್ಲ, ದುಬಾರಿ ಕಾರ್ಡ್ ತಂದರೆ ಇಲ್ಲಿ ಲಾಭ ಇಲ್ಲ.

ಎಲ್ಲ ಸರಿಯಾಗಿ ಕೂತ ಮೇಲೆ ಹೇಗಿದೆ? ನಿಜಕ್ಕೂ ಚೆನ್ನಾಗಿದೆ. ಎಚ್310ಸಿ ಚಿಪ್‌ಸೆಟ್‌ನ ಬೋರ್ಡ್, 9ನೇ ತಲೆಮಾರಿನ ಐ5, ಸಾಟಾ ಎಸ್ಎಸ್‌ಡಿ ಇರುವ ಒಂದು ಮೆಷಿನ್ ನಮ್ಮ ಗಿರಾಕಿಯೊಬ್ಬರ ಹತ್ತಿರ ಈಗಲೂ ಕೆಲಸ ಮಾಡುತ್ತಿದೆ. ಆ ಚಿಪ್‌ಸೆಟ್ ಬೋರ್ಡುಗಳಿಗೆ ತಯಾರಕರೇ ವಿಂಡೋಸ್ 7 ಬೆಂಬಲ ಕೊಟ್ಟಿದ್ದರು, ಹಾಗಾಗಿ ಡ್ರೈವರ್ ಹುಡುಕಾಟ ಜಾಸ್ತಿ ಇರಲಿಲ್ಲ. ಬಟನ್ ಒತ್ತಿದರೆ ಆ ಬಣ್ಣದ ಬೆಳಕು ಕೂಡುವ ಮೊದಲೇ ಡೆಸ್ಕ್‌ಟಾಪ್ ಬರುತ್ತದೆ. ಪೇಜ್‌ಮೇಕರ್ ಐಕಾನ್ ಒತ್ತಿದ ಕೂಡಲೇ ತೆರೆಯುತ್ತದೆ, ನೂರಾರು ಪುಟದ ಪುಸ್ತಕದಲ್ಲಿ ಪುಟ ಹಾರಿಸಿದರೂ ತಡವರಿಸೋದಿಲ್ಲ. ವಿಂಡೋಸ್ 7ರ ವಿನ್ಯಾಸ ನನಗೆ ಇವತ್ತಿಗೂ ಇಷ್ಟ. ಸ್ಟಾರ್ಟ್ ಮೆನುವಿನಲ್ಲಿ ಜಾಹೀರಾತು ಇಲ್ಲ, ಸೆಟ್ಟಿಂಗ್ ಎಲ್ಲ ಕಂಟ್ರೋಲ್ ಪ್ಯಾನೆಲ್ ಒಂದರಲ್ಲೇ ಸಿಗುತ್ತದೆ, ಲಗ್ನಪತ್ರಿಕೆಯ ಸೀಸನ್‌ನಲ್ಲಿ ಗಿರಾಕಿ ಎದುರಿಗೆ ನಿಂತಿರುವಾಗ ಅಪ್‌ಡೇಟ್ ಅಂತ ತಾನಾಗಿ ರೀಸ್ಟಾರ್ಟ್ ಆಗೋದೂ ಇಲ್ಲ, ಅಪ್‌ಡೇಟ್ ಬರೋದೇ ನಿಂತಿದೆಯಲ್ಲ. ಕೆಲಸ ಮಾಡುವವನಿಗೆ ಗೌರವ ಕೊಟ್ಟು ಮಾಡಿದ ಸಾಫ್ಟ್‌ವೇರ್ ಅದು.

ಸಣ್ಣ ಕೊರತೆಗಳು ಇವೆ. ನಮ್ಮ ರೂಪಾಯಿ ಚಿಹ್ನೆ ಬಂದದ್ದು 2010ರ ಜುಲೈನಲ್ಲಿ, ವಿಂಡೋಸ್ 7 ಅದಕ್ಕಿಂತ ಮೊದಲಿನದು, ಹಾಗಾಗಿ ಕೆಬಿ 2496898 ಅಪ್‌ಡೇಟ್ ಹಾಕದಿದ್ದರೆ ₹ ಜಾಗದಲ್ಲಿ ಖಾಲಿ ಡಬ್ಬಿ ಕಾಣುತ್ತದೆ. ಯುನಿಕೋಡ್ ಕನ್ನಡಕ್ಕೆ ತುಂಗಾ ಫಾಂಟ್ ಇದೆ, ನಿರ್ಮಲಾ ಬಂದದ್ದು ವಿಂಡೋಸ್ 8ರಿಂದ.

ಆದರೆ ಈ ಹೊಗಳಿಕೆಯೆಲ್ಲ 9ನೇ ತಲೆಮಾರಿಗೆ. ಅದಕ್ಕಿಂತ ಮುಂದೆ ಹೋದ ಹಾಗೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ. ಇಂಟೆಲ್ 500 ಸರಣಿಯ ಬೋರ್ಡಿನಿಂದ ಒಳಗಿನ ಗ್ರಾಫಿಕ್ಸ್ ಮೇಲೆ ಹಳೆ ಬೂಟ್ ಇಲ್ಲ, ಹೊರಗಿನ ಕಾರ್ಡ್ ಹಾಕಿದರೆ ಮಾತ್ರ. ಇನ್ನೊಂದು ಪ್ರೆಸ್ಸಿಗೆ 12ನೇ ತಲೆಮಾರಿನ ಐ3 ಬಂದಿತ್ತು, ಅಂಗಡಿಯವರು ವಿಂಡೋಸ್ 7 ಆರಾಮಾಗಿ ಬರುತ್ತೆ ಅಂತ ಹೇಳಿ ಮಾರಿದ್ದರು. ಡಿವಿಡಿ ಹಾಕಿದ ಕೂಡಲೇ ನೀಲಿ ಪರದೆ, ಕೊನೆಯಲ್ಲಿ ಎ5 ಅನ್ನುವ ಕೋಡ್, ಎಸಿಪಿಐ ಸರಿ ಇಲ್ಲ ಅಂತ ದೂರು. ಬೋರ್ಡ್ ಕೆಟ್ಟಿರಲಿಲ್ಲ. ಬೋರ್ಡು ತನ್ನ ಹಾರ್ಡ್‌ವೇರ್ ಬಗ್ಗೆ ವಿಂಡೋಸಿಗೆ ಹೇಳುವ ಭಾಷೆ ಎಸಿಪಿಐ, ಹೊಸ ಬೋರ್ಡಿನವರು ಅದರ ಹೊಸ ಆವೃತ್ತಿಯಲ್ಲಿ ಬರೆಯುತ್ತಾರೆ, 2009ರ ವಿಂಡೋಸಿಗೆ ಅದು ಅರ್ಥವಾಗೋದಿಲ್ಲ. ಯಾರೋ ತಿದ್ದಿದ ಎಸಿಪಿಐ ಫೈಲ್ ನೆಟ್‌ನಲ್ಲಿ ಸಿಗುತ್ತದೆ. ಹವ್ಯಾಸಕ್ಕೆ ಮಾಡುವವರು ಮಾಡಲಿ. ಒಂದು ಅಂಗಡಿಯ ಹೊಟ್ಟೆಪಾಡು ನಿಂತಿರುವ ಮೆಷಿನ್‌ನಲ್ಲಿ, ಯಾರು ತಿದ್ದಿದರು ಅಂತ ಗೊತ್ತಿಲ್ಲದ ಸಿಸ್ಟಂ ಫೈಲ್ ನಾನು ಹಾಕೋದಿಲ್ಲ.

ನೆಟ್ ವಿಷಯಕ್ಕೆ ಬಂದರೆ ನನ್ನದು ಖಡಾಖಂಡಿತ ಮಾತು: ವಿಂಡೋಸ್ 7 ಮೆಷಿನ್‌ಗೆ ಇಂಟರ್‌ನೆಟ್ ಕೊಡಬೇಡಿ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಹರಡಿದಾಗ ಹೆಚ್ಚಿನ ಪಾಲು ಹೊಡೆತ ತಿಂದದ್ದು ವಿಂಡೋಸ್ 7 ಮೆಷಿನ್‌ಗಳೇ, ಅದನ್ನ ತಡೆಯುವ ಪ್ಯಾಚ್ (ತಿದ್ದುಪಡಿ) ಮಾರ್ಚ್‌ನಲ್ಲೇ ಬಂದಿದ್ದರೂ. ಆಗ ಪ್ಯಾಚ್ ಆದರೂ ಇತ್ತು, ಈಗ ಅದೂ ಬರೋದಿಲ್ಲ. ಹೊಸ ಪ್ರೊಸೆಸರ್ ಇದ್ದರೆ ಹಳೆ ಅಪ್‌ಡೇಟ್‌ಗಳೂ ಸರಿಯಾಗಿ ಸಿಗೋದಿಲ್ಲ, 7ನೇ ತಲೆಮಾರಿನ ಇಂಟೆಲ್‌ನಿಂದ ಮತ್ತು ಎಎಂಡಿ ಕಂಪನಿಯ ರೈಜನ್‌ನಿಂದ ಮೈಕ್ರೋಸಾಫ್ಟ್ 2017ರಲ್ಲೇ ಅಪ್‌ಡೇಟ್ ತಡೆದಿತ್ತು, 'ಈ ಪ್ರೊಸೆಸರ್ ಹೊಸ ವಿಂಡೋಸಿಗಾಗಿ ಮಾಡಿದ್ದು' ಅಂತ ಸಂದೇಶ ಕೊಟ್ಟು. ಕ್ರೋಮ್ ಬ್ರೌಸರ್ ಇದರಲ್ಲಿ 109ನೇ ಆವೃತ್ತಿಗೇ ನಿಂತಿದೆ. ಇಂಥ ಮೆಷಿನ್‌ನಲ್ಲಿ ಜಿಎಸ್‌ಟಿ ರಿಟರ್ನ್ ತುಂಬೋದು, ಬ್ಯಾಂಕಿನ ಲಾಗಿನ್ ಮಾಡೋದು, ಗಿರಾಕಿಯ ಪೆನ್‌ಡ್ರೈವ್ ಹಾಕೋದು, ಮೂರನ್ನೂ ಒಂದೇ ದಿನ ಒಂದೇ ಮೆಷಿನ್‌ನಲ್ಲಿ ಮಾಡುವ ಅಂಗಡಿಗಳು ಎಷ್ಟೋ ಇವೆ, ನೋಡಿದರೆ ಜೀವ ಹೌಹಾರುತ್ತದೆ.

ಹಾಗಾದರೆ ಏನು ಮಾಡಬೇಕು? ಹೊಸ ಮೆಷಿನ್‌ಗೆ ವಿಂಡೋಸ್ 11 ಹಾಕಿ, ಅದರೊಳಗೆ ವರ್ಚುವಲ್‌ಬಾಕ್ಸ್‌ನಲ್ಲಿ 32 ಬಿಟ್ ವಿಂಡೋಸ್ 7 ಹಾಕಿ. ನಾನು ಈಗ ಎಲ್ಲ ಕಡೆ ಮಾಡಿಕೊಡುತ್ತಿರೋದು ಇದನ್ನೇ. ವರ್ಚುವಲ್‌ಬಾಕ್ಸ್ ಅಂದರೆ ಒಂದು ಕಂಪ್ಯೂಟರಿನ ಒಳಗೇ ಇನ್ನೊಂದು ಕಂಪ್ಯೂಟರ್ ಇರುವ ಹಾಗೆ ಓಡಿಸುವ ಸಾಫ್ಟ್‌ವೇರ್, ಪುಕ್ಕಟೆ. ಆ ಒಳಗಿನ ಕಂಪ್ಯೂಟರಿಗೆ ವಿಎಂ ಅನ್ನುತ್ತಾರೆ. ಒಳಗಿನ ವಿಂಡೋಸ್ 7ಕ್ಕೆ ಕಾಣೋದು ಅದಕ್ಕೆ ಗೊತ್ತಿರುವ ಹಳೆ ಕಾಲದ ಹಾರ್ಡ್‌ವೇರ್, ಹಾಗಾಗಿ ಮೇಲೆ ಹೇಳಿದ ಯುಎಸ್‌ಬಿ, ಎನ್‌ವಿಎಂಇ, ಎಸಿಪಿಐ ತಾಪತ್ರಯ ಒಂದೂ ಬರೋದಿಲ್ಲ. ಹೊರಗೆ ನಿಮ್ಮ 16 ಜಿಬಿಯೂ ಕೆಲಸಕ್ಕೆ ಬರುತ್ತದೆ, ಎನ್‌ವಿಎಂಇ ಡಿಸ್ಕೂ ಬರುತ್ತದೆ. ಒಳಗಿನದಕ್ಕೆ 3 ಜಿಬಿ ರ್‍ಯಾಮ್, 2 ಕೋರ್, 40 ಜಿಬಿ ಡಿಸ್ಕ್ ಕೊಟ್ಟರೆ ಪೇಜ್‌ಮೇಕರಿಗೆ ಧಾರಾಳ. ವಿಂಡೋಸ್ 7ರ ಲೈಸೆನ್ಸ್ ಮಾತ್ರ ನಿಮ್ಮದೇ ಇರಲಿ, ಕ್ರ್ಯಾಕ್ ಮಾಡಿದ ಡಿಸ್ಕ್ ಹಾಕಿ ಆಮೇಲೆ ವೈರಸ್ ಅಂತ ಒದ್ದಾಡಬೇಡಿ.

ಕೆಲವು ಸೆಟ್ಟಿಂಗ್ ಮುಖ್ಯ. ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆನ್ ಇರಬೇಕು. ವಿಎಂನ ನೆಟ್‌ವರ್ಕ್ ಅಡಾಪ್ಟರ್ ಟಿಕ್ ತೆಗೆದುಬಿಡಿ. ಫೈಲ್ ಒಳಗೆ ಹೊರಗೆ ಸಾಗಿಸೋಕೆ ಒಂದು ಶೇರ್ಡ್ ಫೋಲ್ಡರ್ ಸಾಕು. ಪೇಜ್‌ಮೇಕರಿನಿಂದ ಪಿಡಿಎಫ್ ಮಾಡಿ ಆ ಫೋಲ್ಡರಿಗೆ ಹಾಕಿ, ಹೊರಗಿನ ವಿಂಡೋಸ್ 11ರಿಂದ ಪ್ರಿಂಟ್ ಕೊಡಿ, ಆಗ ಹೊಸ ಪ್ರಿಂಟರಿಗೆ ವಿಂಡೋಸ್ 7 ಡ್ರೈವರ್ ಹುಡುಕುವ ಕಥೆಯೇ ಇಲ್ಲ. ಪಿಡಿಎಫ್‌ನೊಳಗೆ ಫಾಂಟ್ ಸೇರಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ, ಪ್ಲೇಟ್ ಮಾಡುವವರ ಹತ್ತಿರ ಹೋಗಿ ಅಕ್ಷರ ಬದಲಾದರೆ ಕಷ್ಟ. ಎಲ್ಲ ಸಿದ್ಧ ಆದ ದಿನವೇ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಮುಂದೆ ಏನೇ ಕೆಟ್ಟರೂ ಆ ದಿನದ ಸ್ಥಿತಿಗೆ ವಾಪಸ್ ಹೋಗಬಹುದು, ಆದರೆ ಕೆಲಸದ ಫೈಲ್‌ಗಳನ್ನ ಶೇರ್ಡ್ ಫೋಲ್ಡರಿನಲ್ಲೇ ಇಡಿ, ವಾಪಸ್ ಹೋದಾಗ ಅವು ಅಳಿಸಿಹೋಗಬಾರದಲ್ವಾ. ವಿಎಂ ತುಂಬಾ ನಿಧಾನ ಅನ್ನಿಸಿದರೆ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಇದೆಯಾ ನೋಡಿ. ಇದ್ದರೆ ವಿಎಂ ಓಡಿಸೋಕೆ ವಿಂಡೋಸ್ 11ರಲ್ಲೇ ಇರುವ ಹೈಪರ್-ವಿ ಅನ್ನುವ ವ್ಯವಸ್ಥೆ ಆನ್ ಇದೆ ಅಂತ ಅರ್ಥ, ಅದನ್ನ ಆಫ್ ಮಾಡಿದರೆ ಆಮೆ ಹೋಗುತ್ತದೆ, ವೇಗ ಬರುತ್ತದೆ.

ಯುಎಸ್‌ಬಿ ಸ್ಕ್ಯಾನರ್, ಯುಎಸ್‌ಬಿ ಲಾಕ್ ಎರಡನ್ನೂ ಡಿವೈಸಸ್ ಮೆನುವಿನಿಂದ ವಿಎಂ ಒಳಗೆ ಬಿಡಬಹುದು. ನಾನು ಹಾಕಿದ ಕಡೆ ಲಾಕ್‌ಗಳು ತಕರಾರು ಮಾಡಲಿಲ್ಲ. ಸ್ಕ್ಯಾನರ್ ಸ್ವಲ್ಪ ನಿಧಾನ, ದೊಡ್ಡ ಫೋಟೋ ಹೈ ರೆಸಲ್ಯೂಶನ್‌ನಲ್ಲಿ ತೆಗೆಯುವಾಗ ವ್ಯತ್ಯಾಸ ಗೊತ್ತಾಗುತ್ತದೆ. ದಿನಕ್ಕೆ ಹತ್ತಾರು ಸ್ಕ್ಯಾನ್ ಇರುವವರು ಹೊಸ ಸ್ಕ್ಯಾನರ್ ತಗೊಳ್ಳೋದೇ ಸರಿ.

ಇದರ ಜೊತೆಗೇ ಇನ್ನೊಂದು ಕೆಲಸ ಶುರು ಮಾಡಿ ಅಂತ ಎಲ್ಲರಿಗೂ ಕೈ ಮುಗಿದು ಹೇಳುತ್ತೇನೆ. ನಿಮ್ಮ ಹಳೆ ಮ್ಯಾಟರ್ ಯುನಿಕೋಡಿಗೆ ತನ್ನಿ. ನುಡಿಯಲ್ಲೂ ಬರಹದಲ್ಲೂ ಪರಿವರ್ತನೆಯ ಟೂಲ್ ಇದೆ. ಪೂರ್ತಿ ಪುಟವಿನ್ಯಾಸ ಬೇಕು ಅನ್ನುವವರು ಇನ್‌ಡಿಸೈನ್ ಸಿಎಸ್6 ಇದ್ದರೆ ಅದರಲ್ಲಿ ಪೇಜ್‌ಮೇಕರ್ ಫೈಲ್ ತೆರೆಯಬಹುದು, ಆಮೇಲಿನ ಸಿಸಿ ಆವೃತ್ತಿಗಳಲ್ಲಿ ಅದನ್ನ ತೆಗೆದುಬಿಟ್ಟಿದ್ದಾರೆ. ಎಲ್ಲವನ್ನೂ ಒಂದೇ ಸಲ ಮಾಡೋಕೆ ಹೋಗಬೇಡಿ. ಗಿರಾಕಿ ಯಾವ ಫೈಲ್ ಕೇಳಿದನೋ ಅದನ್ನ ಆಗಲೇ ಪರಿವರ್ತಿಸಿ, ಅರ್ಕಾವೊತ್ತು ಮತ್ತು ಒತ್ತಕ್ಷರ ಇರುವ ಪದಗಳ ಮೇಲೆ ಕಣ್ಣಾಡಿಸಿ, ಅಲ್ಲೇ ಜಾಸ್ತಿ ತಪ್ಪು ನುಸುಳೋದು. ಊರೂರ ಮಠದ ಪುಸ್ತಕ, ಸಂಘದ ಸ್ಮರಣಸಂಚಿಕೆ ಇವೆಲ್ಲ ಬೇರೆಲ್ಲೂ ಇಲ್ಲ, ನಿಮ್ಮ ಹಾರ್ಡ್‌ಡಿಸ್ಕಿನಲ್ಲಿ ಮಾತ್ರ ಇವೆ. ಹುಡುಕಿದರೆ ಸಿಗದ, ಓದೋಕೆ ಒಂದು ಹಳೆ ಫಾಂಟ್ ಬೇಕಾಗುವ ರೂಪದಲ್ಲಿ ಅಷ್ಟೊಂದು ಕನ್ನಡ ಬಿದ್ದಿದೆ ಅನ್ನೋದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ಕೊನೆಯದಾಗಿ, ಪ್ಯಾರಲಲ್ ಪೋರ್ಟಿನ ಲಾಕ್ ಇರುವವರಿಗೆ, ಅಂದರೆ ಹಿಂದೆ ಹಳೆ ಪ್ರಿಂಟರ್ ಕೇಬಲ್ ಸಿಕ್ಕಿಸುವ ಉದ್ದ ಪಿನ್ನಿನ ಜಾಗದಲ್ಲಿ ಕೂರುವ ಲಾಕ್. ಅದನ್ನ ವಿಎಂ ಒಳಗೆ ಬಿಡೋದು ಬಲು ಕಷ್ಟ, ಯುಎಸ್‌ಬಿ ಕನ್ವರ್ಟರ್ ಕೇಬಲ್ ಪ್ರಿಂಟರಿಗೆ ಸರಿ, ಲಾಕಿಗೆ ಸಾಮಾನ್ಯವಾಗಿ ಬರೋದಿಲ್ಲ. ನೀವು ಹಳೆ ಮೆಷಿನ್ ಮಾರಬೇಡಿ. ಅದರ ದೂಳು ತೆಗೆಸಿ, ಸಿಎಂಒಎಸ್ ಬ್ಯಾಟರಿ ಬದಲಾಯಿಸಿ, ಹೊಸ ಎಸ್‌ಎಂಪಿಎಸ್ (ಪವರ್ ಸಪ್ಲೈ) ಹಾಕಿಸಿ, ಹಾರ್ಡ್‌ಡಿಸ್ಕನ್ನು ಸಾಟಾ ಎಸ್ಎಸ್‌ಡಿಗೆ ಕ್ಲೋನ್ ಮಾಡಿಸಿ, ನೆಟ್ ಕೇಬಲ್ ಕಿತ್ತಿಡಿ. ಲಾಕ್ ತಯಾರಿಸಿದ ಕಂಪನಿ ಈಗಲೂ ಇದ್ದರೆ ಫೋನ್ ಮಾಡಿ ಯುಎಸ್‌ಬಿ ಲಾಕಿಗೆ ಬದಲಾಯಿಸಿ ಕೊಡುತ್ತಾರಾ ಕೇಳಿ, ಹಳೆ ಬಿಲ್ ಹುಡುಕಿಟ್ಟುಕೊಂಡು ಕೇಳಿ.